ಬುಡದಿಂದ ಹಳದಿ

“ಹಳದಿ ಮೇಲಿಂದ ಬಂತಾ, ಬುಡದಿಂದ ಬಂತಾ? ಅದನ್ನ ಮೊದ್ಲು ಹೇಳು ಮಾರಾಯ್ತಿ.”

ಅತ್ತೆ ಪಡಸಾಲೆಯಲ್ಲಿ ಫೋನು ಹಿಡಿದು ಕೇಳಿದ ಪ್ರಶ್ನೆಗೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಶ್ರಾವ್ಯಳ ಕೈ ನಿಂತಿತು. ಕೇಳಿದ್ದು ತನ್ನನ್ನಲ್ಲ, ಕೊಪ್ಪದ ಯಾರೋ ಹೆಂಗಸನ್ನು ಎಂದು ಗೊತ್ತಿದ್ದೂ ನಿಂತಿತು. ಆ ಹೆಂಗಸು ಹೊಸ ಮನೆಯ ಮುಂದೆ ಲಾನ್ ಬೆಳೆಸಿದ್ದಳಂತೆ, ನಡುನಡುವೆ ತಟ್ಟೆಯಗಲ ಹುಲ್ಲು ಸಾಯುತ್ತಿದೆಯಂತೆ. “ಸಂಜೆ ನೀರು ಹಾಕ್ತೀಯಾ? ಅದೇ ಮತ್ತೆ. ರಾತ್ರಿಯಿಡೀ ಒದ್ದೆ ನಿಂತ್ರೆ ಬೂಸ್ಟು ಹಿಡೀದೆ ಇನ್ನೆಂತ ಹಿಡೀತದೆ? ಬೆಳಿಗ್ಗೆ ಹಾಕು, ಆಳಕ್ಕೆ ಇಳಿಯೋ ಹಾಗೆ ಹಾಕು, ಆಮೇಲೆ ಎರಡು ದಿನ ಅದರ ತಂಟೆಗೆ ಹೋಗಬೇಡ. ಕತ್ತರಿಸುವಾಗ ತಲೆ ಬೋಳಿಸಿದ ಹಾಗೆ ಬುಡಕ್ಕೆ ಹಚ್ಚಬೇಡ. ಮೂರರಲ್ಲಿ ಒಂದು ಪಾಲು ತೆಗಿ, ಸಾಕು.” ಶೃಂಗೇರಿಯ ಆ ಬೀದಿಯಲ್ಲಿ ತ್ರಿಪುರಸುಂದರಿ ಎಂದರೆ ಗಿಡದ ಡಾಕ್ಟರು. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಬಸರೀಕಟ್ಟೆಯ ಎಸ್ಟೇಟಿನ ಹೆಂಗಸಿಗೆ ಆಂಥೂರಿಯಂ ಎಲೆಯ ಅಂಚು ಸುಟ್ಟಿರುತ್ತಿತ್ತು, ನರಸಿಂಹರಾಜಪುರದ ಟೀಚರಿಗೆ ಕಿಟಕಿಯೊಳಗಿನ ಮನಿಪ್ಲಾಂಟು ಬೆಳೆಯದೆ ಮುನಿಸಿಕೊಂಡಿರುತ್ತಿತ್ತು. ಗಿಡ ಕಣ್ಣಿಗೆ ಬೀಳದೆಯೇ ಅತ್ತೆ ರೋಗ ಹೇಳುತ್ತಿದ್ದರು. ಬುಡದ ಎಲೆ ಮೊದಲು ಹಳದಿಯಾದರೆ ನೀರು ಹೆಚ್ಚು, ಚಿಗುರು ಹಳದಿಯಾದರೆ ಹಸಿವು, ಅಂಚು ಸುಟ್ಟರೆ ಗೊಬ್ಬರದ ಉರಿ. ಮೂರೇ ಪ್ರಶ್ನೆ. ಕೇಳಿಸಿಕೊಂಡವರು ಬಚ್ಚಿಟ್ಟದ್ದು ಮೂರನೆಯದಕ್ಕೆ ಹೊರಗೆ ಬರುತ್ತಿತ್ತು. “ಮಿಕ್ಕಿದ ಕಾಫಿ ಕುಂಡಕ್ಕೆ ಸುರೀತೀಯಲ್ಲ? ಸಕ್ಕರೆ ಹಾಕಿದ್ದು? ಇಲ್ಲ ಅನ್ಬೇಡ, ಇರುವೆ ಬಂದಿದೆ ಅಂತ ನೀನೇ ಈಗ ಹೇಳಿದ್ದು,” ಎಂದು ಅತ್ತೆ ನಗುವುದನ್ನು ಶ್ರಾವ್ಯ ಮೊದಮೊದಲು ಬಾಗಿಲ ಸಂದಿಯಲ್ಲಿ ನಿಂತು ಖುಷಿಯಿಂದ ಕೇಳುತ್ತಿದ್ದಳು. ಒಂಬತ್ತು ದಿನಗಳಿಂದ ಆ ನಗು ಕೇಳಿಸಿದರೆ ಸಾಕು, ಬಾಗಿಲ ಹತ್ತಿರದಿಂದ ಸರಿದುಬಿಡುತ್ತಿದ್ದಳು.

ಒಂಬತ್ತು ದಿನದ ಹಿಂದೆ ಹಿತ್ತಿಲಲ್ಲಿ, ಬಾವಿಯ ಪಕ್ಕದ ಹಾಲವಾಣದ ಮರಕ್ಕೆ ಹಬ್ಬಿಸಿದ ಎಲೆಬಳ್ಳಿಯಿಂದ ದೇವರ ತಾಂಬೂಲಕ್ಕೆಂದು ಐದು ವೀಳ್ಯದೆಲೆ ಕೊಯ್ಯುತ್ತಿದ್ದಾಗ ಗೊತ್ತಾಯಿತು. ನಾಲ್ಕು ಕೊಯ್ದಾಗಿತ್ತು. ಐದನೆಯದರ ತೊಟ್ಟು ಉಗುರಿನ ನಡುವೆ ಇರುವಾಗಲೇ ತೊಡೆಯ ಒಳಗೆ ಬಿಸಿ ಇಳಿಯಿತು. ಅದಕ್ಕೆ ಹಿಂದೆ ಐವತ್ತೆರಡು ದಿನ ಏನೂ ಆಗಿರಲಿಲ್ಲ. ತಿಂಗಳು ದಾಟಿದ ಮೇಲೆ ಅತ್ತೆ ಅವಳನ್ನು ಕೊಡಪಾನ ಎತ್ತಲು ಬಿಟ್ಟಿರಲಿಲ್ಲ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದೆಂದು ಸೊಸೆಗೆ ತಾಕೀತು ಮಾಡಿ, ತಾವೇ ಫೋನಿನಲ್ಲಿ ತಂಗಿಯರಿಗೆ, ಬೇಲಿಯಾಚೆಯ ದೇವಕಮ್ಮನಿಗೆ, ಕೊನೆಗೆ ಆಂಥೂರಿಯಂ ಕೇಳಲು ಫೋನು ಮಾಡಿದವರಿಗೂ ಹೇಳಿಬಿಟ್ಟಿದ್ದರು. ಈ ಮನೆಯಲ್ಲಿ ಮುಟ್ಟಿನ ಮಾತಿಗೆ ನಾಚಿಕೆಯೇನೂ ಇಲ್ಲ. ಹಿತ್ತಿಲ ಬಾಗಿಲಲ್ಲೇ ನಿಂತು, ಹಾಲು ಖಾಲಿಯಾಯಿತು ಅನ್ನುವ ಧಾಟಿಯಲ್ಲಿ, ‘ಅತ್ತೆ, ನಾನು ಹೊರಗಾದೆ’ ಎಂದರೆ ಮುಗಿಯಿತು. ಮೂರು ದಿನ ದೂರ ಕೂರುವುದು, ನಾಲ್ಕನೆಯ ದಿನ ತಲೆಗೆ ನೀರು. ಮದುವೆಯಾದ ಹದಿನಾರು ತಿಂಗಳಲ್ಲಿ ಹದಿನಾಲ್ಕು ಸಲ ಹೇಳಿದ್ದಳು. ಪ್ರತಿ ಸಲವೂ ಅತ್ತೆ “ಓಹೋ” ಎನ್ನುತ್ತಿದ್ದರು. ಬೈಗುಳವಲ್ಲ, ನಿಟ್ಟುಸಿರೂ ಅಲ್ಲ. ಬಿತ್ತಿದ ಬೀಜ ಮೊಳೆಯದೆ ಹೋದ ಪಾತಿಯನ್ನು ನೋಡಿ ಅನ್ನುವಂಥ ಒಂದು ಸಣ್ಣ ಓಹೋ. ಹದಿನೈದನೆಯದು ಬಾಯಿಗೆ ಬರಲಿಲ್ಲ. ಶ್ರಾವ್ಯ ಐದನೆಯ ಎಲೆಯನ್ನೂ ಕೊಯ್ದಳು. ಒಳಗೆ ಹೋಗಿ ಬಟ್ಟೆ ಬದಲಿಸಿ, ಬೆಳ್ಳಿ ತಟ್ಟೆಯಲ್ಲಿ ಎಲೆಯಿಟ್ಟು, ಪೌರೋಹಿತ್ಯ ಮಾಡುವ ಮಾವ ದತ್ತಮೂರ್ತಿಗಳ ಪೂಜೆಗೆ ತಂದುಕೊಟ್ಟಳು.

ಅವಳು ಶಿವಮೊಗ್ಗದಲ್ಲಿ ಸಸ್ಯಶಾಸ್ತ್ರ ಓದಿದವಳು. ಇದೇ ಎಲೆಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಸೂಕ್ಷ್ಮದರ್ಶಕದಡಿ ನೋಡಿ, ರೆಕಾರ್ಡಿನಲ್ಲಿ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡವಳು. ಯಾರು ಮುಟ್ಟಿದರೆಂದು ಬಳ್ಳಿಗೆ ತಿಳಿಯುವುದಿಲ್ಲ. ಇದನ್ನು ಹದಿಮೂರನೆಯ ವಯಸ್ಸಿನಲ್ಲೇ ಪರೀಕ್ಷೆ ಮಾಡಿದ್ದಳಲ್ಲ, ಕೊಪ್ಪದ ಹತ್ತಿರದ ನಾರ್ವೆ ಊರಿನ ತವರುಮನೆಯಲ್ಲಿ, ದೂರ ಕೂತ ಎರಡನೆಯ ದಿನ, ಎಲ್ಲರೂ ಮಲಗಿದ ಮಧ್ಯಾಹ್ನ ಎದ್ದುಹೋಗಿ ಕರಿಬೇವಿನ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳಲ್ಲ. ಗಿಡಕ್ಕೆ ಏನೂ ಆಗಲಿಲ್ಲ, ಆ ವರ್ಷ ಮೊದಲಿಗಿಂತ ಸೊಂಪಾಗಿ ಚಿಗುರಿತು. ಆದರೆ ಅದೇ ವಾರ ಕೊಟ್ಟಿಗೆಯಲ್ಲಿ ಕರು ಸತ್ತಿತು. ಕರುವಿಗೆ ಭೇದಿ ಹತ್ತಿತ್ತು ಎಂದು ಎಲ್ಲರೂ ಹೇಳಿದರು, ಅವಳೂ ಹೇಳಿದಳು, ಇವತ್ತಿಗೂ ಹಾಗೆಯೇ ಹೇಳುತ್ತಾಳೆ. ಕರುವಿನ ಕಣ್ಣಿನ ಮೇಲೆ ಕೂತ ನೊಣ ಮಾತ್ರ ಅವಳ ನೆನಪಿನಿಂದ ಏಳಲಿಲ್ಲ. ಹೀಗಾಗಿ ಒಂಬತ್ತು ದಿನದ ಹಿಂದೆ, ಪೂಜೆ ಮುಗಿದ ಮೇಲೆ, ಅವಳು ಹಿತ್ತಿಲಿಗೆ ಹೋಗಿ ಬಳ್ಳಿಯ ಬುಡಕ್ಕೆ ಒಂದು ಬಕೆಟ್ ನೀರು ಹಾಕಿದಳು. ಸಂಜೆ ಇನ್ನೊಂದು. ಮರುದಿನ ಬೆಳಿಗ್ಗೆ ಎಲೆ ಒಂಚೂರು ಜೋತಿದೆ ಅನ್ನಿಸಿ ಮತ್ತೆರಡು. ಜೋತದ್ದು ಫಾಲ್ಗುಣದ ಬಿಸಿಲಿಗೆ ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ, ಅತ್ತೆ ಕಡಲೆಹಿಂಡಿ ನೆನೆಹಾಕಿದ್ದ ಕೊಡದ ಮುಚ್ಚಳ ತೆಗೆದಳು. ಒಂದು ಚೊಂಬು ಹಿಂಡಿಗೆ ಹತ್ತು ಚೊಂಬು ನೀರು ಎಂದು ಅತ್ತೆ ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಹೇಳುವುದು ಕಿವಿಯಲ್ಲೇ ಇತ್ತು. ಬೆರೆಸಲು ಪುರುಸೊತ್ತಿರಲಿಲ್ಲ, ಪಡಸಾಲೆಯಲ್ಲಿ ಅತ್ತೆ ಮಾತು ಮುಗಿಸುತ್ತಿದ್ದರು. ನಾರುವ ಆ ಮಂದ ರಸವನ್ನು ಹಾಗೆಯೇ ಸುರಿದಳು. ಸುರಿದ ಮೇಲೆ ಸಮಾಧಾನವಾಯಿತು, ತಾನೇ ಕುಡಿದಷ್ಟು.

ರಕ್ತ ನಿಲ್ಲಲಿಲ್ಲ. ಹೋದದ್ದು ಏನು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಏನೋ ಇತ್ತು, ಅದು ಹೋಯಿತೇ? ಏನೂ ಇರಲೇ ಇಲ್ಲವೇ? ಆರನೆಯ ದಿನ ಹೆಪ್ಪು ಹೆಪ್ಪಾಗಿ ಹೋಯಿತು. ಅವತ್ತೂ ದಿನದಂತೆ ಬೆಳಗಿನ ಜಾವ ಬಚ್ಚಲ ಒಲೆಗೆ ಬಟ್ಟೆ ಹಾಕಿ, ಉರಿಯುವವರೆಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದು ಏಳುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು. ಗಂಡ ಶಿವಕಿರಣನಿಗೆ ನರಸಿಂಹರಾಜಪುರದಲ್ಲಿ ಕೆಲಸ, ಬರುವುದು ಶನಿವಾರ. ಫೋನು ಪಡಸಾಲೆಯಲ್ಲಿ, ಅತ್ತೆಯ ಕುರ್ಚಿಯ ಪಕ್ಕ. ಹೋದ ಶನಿವಾರ ಅವನು ಬಂದಾಗ ಹೇಳಬೇಕೆಂದು ಕೂತಳು. ಅವನು ಪೇಟೆಯಿಂದ ತಂದಿದ್ದ ಒಂದು ಸೇಬನ್ನು ತಾನೇ ಹೆಚ್ಚಿ, ಬೀಜ ತೆಗೆದು, ಮೊದಲ ಹೋಳನ್ನು ಅವಳ ಬಾಯಿಗಿಟ್ಟ. ಬಾಯಲ್ಲಿ ಸೇಬಿತ್ತು. ಹೇಳಲಾಗಲಿಲ್ಲ.

“ಶ್ರಾವ್ಯಾ.”

ಹಿತ್ತಿಲಿನಿಂದ ಅತ್ತೆ ಕೂಗಿದರು. ಫೋನು ಯಾವಾಗ ಇಟ್ಟರೋ. ಅವಳು ತುರಿಮಣೆ ಬಿಟ್ಟು ಎದ್ದಳು. ಕಣ್ಣೆದುರು ಕಪ್ಪು ಚುಕ್ಕೆಗಳು ಮೇಲೆದ್ದು, ಅರೆಗಳಿಗೆ ಆಡಿ, ಕೆಳಗಿಳಿದವು. ಹೊರಗೆ ಬಿಸಿಲು ಸುಣ್ಣದಷ್ಟು ಬೆಳ್ಳಗಿತ್ತು. ಬೇಗಾರಿನಿಂದ ದಿನಾ ಮೊದಲನೆಯ ಬಸ್ಸಿಗೆ ಬಂದು ಹಿತ್ತಿಲು ಗುಡಿಸಿ, ಗಿಡಗಳಿಗೆ ನೀರು ಸೇದಿಹಾಕುವ ಕಮಲ ಡೇರೆ ಹೂವಿನ ಗೆಡ್ಡೆಗಳನ್ನು ಮಣ್ಣು ಕೊಡವಿ ನೆರಳಲ್ಲಿ ಹರಡುತ್ತಿದ್ದಳು. ಮಳೆಗಾಲದವರೆಗೆ ಕೊಳೆಯದೆ ಇರಲೆಂದು ಅವನ್ನು ಬೂದಿಯಲ್ಲಿ ಹುಗಿದಿಡುವುದು ಅತ್ತೆಯ ಕ್ರಮ. ಬೂದಿ ಬರುವುದು ಬಚ್ಚಲ ಒಲೆಯಿಂದ. ಬಚ್ಚಲ ಒಲೆಯಿಂದ! ಇದು ತನಗೆ ಈವರೆಗೆ ಹೊಳೆದೇ ಇರಲಿಲ್ಲವಲ್ಲ ಎಂದು ಶ್ರಾವ್ಯ ಮೆಟ್ಟಿಲ ಮೇಲೆಯೇ ನಿಂತಳು. ಅತ್ತೆ ಎಲೆಬಳ್ಳಿಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಬುಡದಿಂದ ಆಳೆತ್ತರದವರೆಗೆ ಎಲೆಗಳೆಲ್ಲ ಹಣ್ಣಾಗಿದ್ದವು. ನಿನ್ನೆ ಇಷ್ಟಿರಲಿಲ್ಲ. ಅತ್ತೆ ಬಗ್ಗಿ ಬುಡದ ಕಾಂಡವನ್ನು ಉಗುರಿನಿಂದ ಕೆರೆದು, ಒಂದು ಚಿಟಿಕೆ ಮಣ್ಣನ್ನು ಮೂಗಿನ ಹತ್ತಿರ ಹಿಡಿದು, ಕೈ ಕೊಡವಿಕೊಂಡರು. ಸೊಸೆಯ ಕಡೆ ತಿರುಗಲಿಲ್ಲ.

“ಕಮಲಾ, ನೀ ಹೊರಗಾಗಿದ್ದು ಯಾವಾಗ?”

ಗೊತ್ತುಗುರಿಯಿಲ್ಲದೆ ಬಿದ್ದ ಪ್ರಶ್ನೆಗೆ ಕಮಲ ನಕ್ಕುಬಿಟ್ಟಳು. “ಎಂತದ್ರಮ್ಮ, ಇದ್ದಕ್ಕಿದ್ದ ಹಾಗೆ?”

“ಕೇಳಿದ್ದಕ್ಕೆ ಹೇಳು.”

“ಹುಣ್ಣಿಮೆ ಹತ್ರ ಆಗಿದ್ದು. ಮೂರು ದಿನ ನಾ ಬರ್ಲೇ ಇಲ್ವಲ್ಲ. ನೀವೇ ಬರ್ಬೇಡ ಅಂದಿದ್ದು.”

“ಮತ್ತೆ ಈ ಬಳ್ಳಿ ಯಾಕೆ ಹೀಗಾಯ್ತು? ಇಪ್ಪತ್ತು ವರ್ಷದ ಬಳ್ಳಿ ಇದು. ನಮ್ಮತ್ತೆ ನೆಟ್ಟಿದ್ದು. ಯಾರೂ ಮುಟ್ಟದೆ ಹೀಗೆ ಹಣ್ಣಾಗ್ತದನಾ?”

ಬೇಲಿಯಾಚೆ ದೇವಕಮ್ಮ ಬಟ್ಟೆ ಒಣಹಾಕುತ್ತಿದ್ದವರು ಒಂದೇ ಸೀರೆಯನ್ನು ಎರಡನೆಯ ಸಲ ಹಿಂಡತೊಡಗಿದರು. “ಎಂತ ಆಯ್ತೇ ತ್ರಿಪುರಾ?”

“ಆಗದೆಂತ? ಕೆಲಸಕ್ಕೆ ಬರೋರಿಗೆ ಮೈಮೇಲೆ ಪ್ರಜ್ಞೆ ಬೇಡನಾ? ಮನೇಲಿ ಬಸುರಿ ಹೆಂಗಸು ಓಡಾಡ್ತಾಳೆ, ನಾಳೆ ನಮ್ಮ ಮಾವನ ತಿಥಿ. ಇಂಥಾ ಹೊತ್ತಿಗೆ.”

“ದೇವರಾಣೆ ಅಮ್ಮ, ನಾ ಮುಟ್ಟಿಲ್ಲ.” ಕಮಲಳ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತುಟಿಯ ತುದಿಯಲ್ಲಿ ನಿಂತಿತ್ತು. ಆಮೇಲೆ ಅವಳು ಮೆಟ್ಟಿಲ ಕಡೆ ನೋಡಿದಳು. ಶ್ರಾವ್ಯಳ ಮುಖವನ್ನಲ್ಲ, ಸೀರೆಯ ನೆರಿಗೆ ಹಿಡಿದ ಕೈಯನ್ನು. ನೋಡಿದ್ದು ಬಹಳ ಹೊತ್ತೇನಲ್ಲ. ಅಷ್ಟರಲ್ಲಿ ಶ್ರಾವ್ಯಳಿಗೆ ಎಲ್ಲ ಗೊತ್ತಾಯಿತು. ಬೂದಿಯಲ್ಲಿ ಪೂರ್ತಿ ಸುಡದೆ ಉಳಿದ ಬಟ್ಟೆಯ ಅಂಚನ್ನು ಇವಳು ನೋಡಿದ್ದಾಳೆ. ಒಂದು ದಿನವಲ್ಲ, ಒಂಬತ್ತು ದಿನವೂ ನೋಡಿದ್ದಾಳೆ. ನೋಡಿ, ಬೂದಿಯನ್ನು ಜರಡಿ ಹಿಡಿದು, ಗೆಡ್ಡೆಗೆ ಬೇಕಾದದ್ದನ್ನು ಗೆಡ್ಡೆಗೆ ಇಟ್ಟು, ಉಳಿದದ್ದನ್ನು ಎಲ್ಲಿಗೋ ಒಯ್ದು ಹುಗಿದಿದ್ದಾಳೆ. ಈಗ ಹೇಳುತ್ತಾಳೆ. ಹೇಳಲಿ, ಇವಳೇ ಹೇಳಲಿ, ಹೇಳಿಬಿಟ್ಟರೆ ತಾನು ಹೇಳುವುದು ತಪ್ಪುತ್ತದೆ ಎಂದು ಶ್ರಾವ್ಯ ಕಾದಳು. ಕಮಲ ಕೈಯಲ್ಲಿದ್ದ ಗೆಡ್ಡೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ನೀವು ಮುಟ್ಟಿದ್ದು ನಾನೇ ಅಂದ್ರೆ ನಾನೇ ಇರ್ಲಿ ಬಿಡಿ. ಇನ್ನು ಬರೋದಿಲ್ಲ.” ಬಾವಿಕಟ್ಟೆಯ ಮೇಲಿದ್ದ ಊಟದ ಡಬ್ಬಿ ತೆಗೆದುಕೊಂಡಳು. ಶ್ರಾವ್ಯಳನ್ನು ದಾಟುವಾಗ ಮಾತ್ರ, ಎಂದಿನ ಮಾತಿನ ಧಾಟಿಯಲ್ಲೇ, “ಸಣ್ಣಮ್ಮ, ಬಿಸಿಲಲ್ಲಿ ನಿಲ್ಬೇಡಿ, ಮುಖ ಬೆಳ್ಳಗಾಗಿದೆ. ಡಾಕ್ಟ್ರ ಹತ್ರ ತೋರಿಸ್ಕಳಿ,” ಎಂದಳು. ತಡಿಕೆ ಬಾಗಿಲು ಹಾಕಿದ ಸದ್ದಾಯಿತು. ಕರೆಯಬೇಕು, ಕಮಲಾ ನಿಲ್ಲು ಅನ್ನಬೇಕು, ಐದು ಅಕ್ಷರ. ಬಸ್ಸಿಗೆ ಇನ್ನೂ ಎರಡು ಗಂಟೆಯಿದೆ, ಅವಳು ಅಷ್ಟು ಹೊತ್ತು ಸ್ಟ್ಯಾಂಡಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ ಎಂಬ ಲೆಕ್ಕ ಮಾತ್ರ ಶ್ರಾವ್ಯಳ ತಲೆಯಲ್ಲಿ ಚುರುಕಾಗಿ ನಡೆಯುತ್ತಿತ್ತು. ದೇವಕಮ್ಮ ಬೇಲಿಯಾಚೆ, “ಈಗಿನ ಕಾಲದಲ್ಲಿ ಯಾರನ್ನ ನಂಬದು ಮಾರಾಯ್ತಿ,” ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಈ ಸುದ್ದಿ ಊಟದ ಹೊತ್ತಿಗೆ ಬೀದಿಯ ಆ ತುದಿ ಮುಟ್ಟುತ್ತದೆ. ಇನ್ನು ಯಾವ ಮನೆಯೂ ಕಮಲಳನ್ನು ಹಿತ್ತಿಲಿಗೆ ಸೇರಿಸುವುದಿಲ್ಲ.

ಊಟಕ್ಕೆ ಇಬ್ಬರೇ. ಮಾವ ನಾಳೆಯ ತಿಥಿಗೆ ಬ್ರಾಹ್ಮಣರನ್ನು ಹೇಳಿಬರಲು ಹೋಗಿದ್ದರು. ಅತ್ತೆ ಎಂದಿಗಿಂತ ಅಕ್ಕರೆಯಿಂದ ಬಡಿಸಿದರು. ತುಪ್ಪ ಎರಡು ಸಲ ಹಾಕಿದರು. ಊಟವಾದ ಮೇಲೆ ಮಲಗದೆ, ಹಾರೆ ಹಿಡಿದು ಹಿತ್ತಿಲಿಗೆ ಹೋಗಿ, “ಬಾ ಇಲ್ಲಿ, ನೋಡ್ಕೋ,” ಎಂದು ಕರೆದರು. ಬಳ್ಳಿಯ ಬುಡವನ್ನು ಸುತ್ತಲೂ ಬಿಡಿಸಿ ಎತ್ತಿದ್ದರು. ಬೇರು ಕಪ್ಪಾಗಿ, ಹಿಡಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು. ಕೊಳೆತ ಹಿಂಡಿಯ ವಾಸನೆ ಮೇಲೆದ್ದಿತು. ಅತ್ತೆ ಫೋನಿನಲ್ಲಿ ಮಾತಾಡುವ ದನಿಯಲ್ಲೇ ಶುರುಮಾಡಿದರು. “ಹಣ್ಣೆಲೆ ಬುಡದಿಂದ ಬಂದಿದೆ, ಅಂದ್ರೆ ನೀರು ಹೆಚ್ಚು. ಬೇರಿಗೆ ಉಸಿರಾಡ್ಲಿಕ್ಕೆ ಜಾಗ ಇಲ್ಲ. ಅದರ ಮೇಲೆ ಗಟ್ಟಿ ಹಿಂಡಿ ಬಿದ್ದಿದೆ. ಎಲೆಬಳ್ಳಿಗೆ ಯಾವಾಗ್ಲೂ ನೀರು ಕೊಡೋ ಮುಂಚೆ ಬೆರಳು ಇಳಿಸಿ ನೋಡ್ಬೇಕು. ಮಣ್ಣು ಅಂಟಿದ್ರೆ ಬೇಡ. ಮೇಲೆ ನಾಲ್ಕು ಗಣ್ಣು ಹಸಿರು ಉಳಿದಿದೆ, ಕತ್ತರಿಸಿ ಮರಳಲ್ಲಿ ಊರಿದ್ರೆ ಬರ್ತದೆ.”

“ಹಾಗಾದ್ರೆ ಮುಟ್ಟಿದ್ದಕ್ಕಲ್ಲ,” ಎಂದಳು ಶ್ರಾವ್ಯ. ತನ್ನ ದನಿ ಬೇರೆಲ್ಲಿಂದಲೋ ಬಂದಿತು.

“ಮುಟ್ಟಿದ್ರೆ ಗಿಡ ಸಾಯ್ತದಾ? ನಲವತ್ತು ವರ್ಷ ಗಿಡ ನೋಡಿದೀನಿ.” ಅತ್ತೆ ಹಾರೆಗೆ ಹತ್ತಿದ ಮಣ್ಣನ್ನು ಕೋಲಿನಿಂದ ಕೆರೆದರು. “ಎಷ್ಟು ದಿನ ಆಯ್ತು?”

ಅದು ಮೂರನೆಯ ಪ್ರಶ್ನೆ. ಹಿಂದಿನೆರಡನ್ನು ಅತ್ತೆ ಯಾವಾಗ ಕೇಳಿದ್ದರೋ, ತಾನು ಯಾವಾಗ ಉತ್ತರಿಸಿದ್ದಳೋ.

“ಹೇಳಬೇಡ ಬಿಡು. ಬಚ್ಚಲ ಒಲೆ ನನಗೂ ಕಾಣ್ತದೆ. ನಾ ಕಾದೆ. ನೀನಾಗಿ ಹೇಳ್ತೀಯ ಅಂತ ಕಾದೆ, ಹೇಳ್ಲಿಲ್ಲ. ಒಳ್ಳೇದೇ ಆಯ್ತು. ಈಗ ಸುಮ್ನಿರು. ನಾಳೆ ತಿಥಿ ಮುಗೀಲಿ. ನಾಡಿದ್ದು ನಾನೇ ಎಲ್ಲರಿಗೂ ಹೇಳ್ತೀನಿ. ಕಮಲ ಮುಟ್ಟಿ ಬಳ್ಳಿ ಹೋಯ್ತು, ಅದರ ಬೆನ್ನಿಗೇ ಇದೂ ಹೋಯ್ತು ಅಂತ. ದೇವಕಿ ಕಣ್ಣಾರೆ ನೋಡಿದಾಳೆ. ಯಾಕೆ ಹೋಯ್ತು, ಹುಡುಗಿಗೆ ಎಂತ ದೋಷ ಅಂತ ಒಬ್ಬರೂ ಕೇಳಲ್ಲ.”

“ಕಮಲಾ...”

“ಅವಳಿಗೆಂತ, ಬೇರೆ ಕಡೆ ಕೆಲಸ ಸಿಗ್ತದೆ.” ಅತ್ತೆ ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು, ಅದು ಶ್ರಾವ್ಯಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. “ಹದಿನಾರು ತಿಂಗಳಿಂದ ನಿನ್ನ ಬಗ್ಗೆ ಯಾರು ಯಾರು ಎಂತೆಂತ ಅಂದ್ರು ಗೊತ್ತಾ ಕೂಸೇ ನಿನಗೆ? ಒಂದೂ ನಿನ್ನ ಕಿವಿಗೆ ಬೀಳದ ಹಾಗೆ ನೋಡ್ಕೊಂಡೆ. ಇದನ್ನೂ ನೋಡ್ಕೊಳ್ತೀನಿ. ನಾಡಿದ್ದು ಕೊಪ್ಪಕ್ಕೆ ಡಾಕ್ಟ್ರ ಹತ್ರ ಹೋಗಾಣ. ಎರಡು ದಿನ ತಡ್ಕೋ.”

ಮಣ್ಣಾದ ಕೈಯಲ್ಲೇ ಸೊಸೆಯ ಕೆನ್ನೆ ಮುಟ್ಟಿ, ಅತ್ತೆ ಒಳಗೆ ಹೋದರು. ಶ್ರಾವ್ಯ ಕೋಣೆಗೆ ಹೋಗಿ ಮಲಗಿದಳು. ಕೆನ್ನೆಯ ಮೇಲೆ ಮಣ್ಣು ಒಣಗಿ ಬಿಗಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಷ್ಟು ಸುಲಭ. ಎರಡು ದಿನ ಬಾಯಿ ಮುಚ್ಚಿದರೆ ಎಲ್ಲ ಮುಗಿಯುತ್ತದೆ, ಮುಚ್ಚುವುದು ಅಭ್ಯಾಸವಾಗಿಯೇ ಹೋಗಿದೆ. ಪಡಸಾಲೆಯಲ್ಲಿ ಫೋನು ಹೊಡೆದುಕೊಂಡಿತು. “ಹೌದೇ, ಕಮಲನೇ... ಅಲ್ಲ ಮತ್ತೆ... ನನಗೆ ಹುಡುಗಿದೇ ಹೆದರಿಕೆ. ಹೊಟ್ಟೆನೋವು ಅಂತಿದ್ಲು ಬೆಳಿಗ್ಗೆ...” ಬೆಳಿಗ್ಗೆ ತಾನು ಹಾಗೆ ಅಂದಿರಲಿಲ್ಲ. ನಾಡಿದ್ದಿನ ಕಥೆಗೆ ಇವತ್ತೇ ಪಾತಿ ತೋಡುತ್ತಿದ್ದರು. ನಾಳೆ ಬೇಗಾರಿನಲ್ಲಿ ಯಾರಾದರೂ ಕಮಲಳನ್ನು ಬಸ್ಸಿನಲ್ಲಿ ಕಂಡು ತಮ್ಮ ಮನೆಯ ಎಳೆಬಸುರಿಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಅವಳು ಆಗಲೂ ಏನೂ ಹೇಳುವುದಿಲ್ಲ. ಗೋಡೆಯ ಕಡೆ ಹೊರಳಿದಾಗ ಕೆಳಗೆ ಮತ್ತೆ ಬಿಸಿಯಾಗಿ ಹರಿಯಿತು, ಈ ಸಲ ತಡೆಯಿಲ್ಲದೆ.

ನಾಲ್ಕೂವರೆಯ ಹೊತ್ತಿಗೆ ಶ್ರಾವ್ಯ ಎದ್ದಳು. ಮಂಚದ ಕೆಳಗಿನ ಚಾಪೆ ತೆಗೆದಳು. ದೂರ ಕೂರುವವರಿಗೆಂದೇ ಬೇರೆಯಿಟ್ಟ ತಟ್ಟೆ, ಲೋಟ ತೆಗೆದಳು. ಗೋಡೆ ಹಿಡಿದು ನಡೆದು, ಹಿತ್ತಿಲ ಜಗುಲಿಯ ಮೂಲೆಯಲ್ಲಿ ಚಾಪೆ ಹಾಸಿ, ತಟ್ಟೆ ಲೋಟವನ್ನು ಎಲ್ಲರಿಗೂ ಕಾಣುವಂತೆ ಪಕ್ಕದಲ್ಲಿಟ್ಟುಕೊಂಡು ಕೂತಳು. ಅಷ್ಟು ಮಾಡುವಷ್ಟರಲ್ಲಿ ಬೆವರು ತಣ್ಣಗೆ ಕತ್ತಿನಿಂದ ಇಳಿಯಿತು.

ಒಣಗಿದ ಬಟ್ಟೆ ತೆಗೆಯಲು ಬಂದ ದೇವಕಮ್ಮನ ಕೈ ಹಗ್ಗದ ಮೇಲೇ ನಿಂತಿತು. “ಎಂತದೇ ಶ್ರಾವ್ಯಾ, ಅಲ್ಲೆಂತಕ್ಕೆ ಕೂತಿದ್ದಿ?”

“ಹೊರಗಾಗಿದೀನಿ ದೇವಕಮ್ಮ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲಲ್ಲಿ ಅತ್ತೆಯ ಸೀರೆಯ ಅಂಚು ಕಾಣಿಸಿತು, ಮುಂದೆ ಬರಲಿಲ್ಲ. ಅದೇ ಹೊತ್ತಿಗೆ ಮಾವ ಬಂದರು. ಬಾವಿಕಟ್ಟೆಯಲ್ಲಿ ಕಾಲು ತೊಳೆದೇ ಒಳಗೆ ಹೋಗುವುದು ಅವರ ಪದ್ಧತಿ. ಮೆಟ್ಟು ಬಿಟ್ಟು ನಾಲ್ಕು ಹೆಜ್ಜೆ ಬಂದವರು, ಚಾಪೆ ನೋಡಿ, ತಟ್ಟೆ ನೋಡಿ, ಪಂಚೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅವರು ಸೊಸೆಯ ಜೊತೆ ನೇರ ಮಾತಾಡುವುದೇ ಕಡಿಮೆ. ಬಾಗಿಲ ಕಡೆ ಮುಖ ಮಾಡಿ ಕೇಳಿದರು.

“ಯಾವತ್ತಿಂದ?”

ಬಾಗಿಲಲ್ಲಿದ್ದ ಸೀರೆಯ ಅಂಚು ಒಳಗೆ ಸರಿಯಿತು.

“ಇವತ್ತಿಗೆ ಒಂಬತ್ತು ದಿನ, ಮಾವ,” ಎಂದಳು ಶ್ರಾವ್ಯ. ಬೇಲಿಯಾಚೆಗೂ ಕೇಳಲಿ ಎಂದು ದನಿ ಎತ್ತಿದಳು, ಎತ್ತಿದ್ದಕ್ಕೆ ಕಿವಿಯೊಳಗೆ ಗುಂಯ್ ಎಂದಿತು. “ಎಲೆಬಳ್ಳಿ ಮುಟ್ಟಿದ್ದು ನಾನು. ನೀರು, ಹಿಂಡಿ ಹಾಕಿ ಸಾಯಿಸಿದ್ದೂ ನಾನು. ಕಮಲ ಅಲ್ಲ. ದೇವರಿಗೆ ಎಲೆ ತಂದುಕೊಟ್ಟಿದ್ದೂ ನಾನೇ.”

ದತ್ತಮೂರ್ತಿಗಳು ಬಲಗೈ ಬೆರಳುಗಳನ್ನು ಬಿಡಿಸಿ, ಹೆಬ್ಬೆರಳನ್ನು ಕಿರುಬೆರಳಿನ ಗೆಣ್ಣಿಗೆ ಇಟ್ಟರು. ತುಟಿ ಆಡತೊಡಗಿತು, ಒಂಬತ್ತು ದಿನದಲ್ಲಿ ಮೈಲಿಗೆಯಾದದ್ದರ ಲೆಕ್ಕ. ಏಕಾದಶಿ. ದ್ವಾದಶಿಯ ಪಾರಣೆ. ಸೋಮವಾರದ ರುದ್ರಾಭಿಷೇಕ. ಯಾವ ದಿನ ಯಾರ ಮನೆಯಲ್ಲಿ ಯಾವ ಹೋಮ, ಹೊರಡುವ ಮುಂಚೆ ಮನೆಯಲ್ಲಿ ಯಾರ ಕೈಯ ನೀರು. ತಪ್ಪಿತೆಂದು ಕಾಣುತ್ತದೆ, ಮತ್ತೆ ಮೊದಲಿನಿಂದ ಹಿಡಿದರು. ಶ್ರಾವ್ಯಳಿಗೆ ತಾನು ಕೂತ ಚಾಪೆ ಒದ್ದೆಯಾಗುವುದು ತಿಳಿಯುತ್ತಿತ್ತು. ಹಾಲವಾಣದ ಮರ ಎರಡಾಗಿ ಕಂಡಿತು, ಒಂದಾಯಿತು.

“ಮಾವ, ರಕ್ತ ನಿಲ್ತಾ ಇಲ್ಲ. ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

ಹೆಬ್ಬೆರಳು ನಾಲ್ಕನೆಯ ಗೆಣ್ಣಿನ ಮೇಲಿತ್ತು. ಅವರು ಇನ್ನೊಂದು ಕೈಯನ್ನು ಎತ್ತಿ, ಸ್ವಲ್ಪ ತಾಳು ಎಂದು ಸನ್ನೆ ಮಾಡಿ, ಐದನೆಯದಕ್ಕೆ ಹೋದರು.